ಅಡುಗೆ ಕಲಿಯಲು ಡಿಗ್ರಿ ಏಕೆ ಎನ್ನುವವರಲ್ಲಿ ಒಂದು ಮನವಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದು, ಸಿಇಟಿ ರ‍್ಯಾಂಕ್ ಕೈಗೆ ಸಿಕ್ಕಿ, ಇನ್ನು ಆಪ್ಷನ್ ಎಂಟ್ರಿ ಮಾಡಬೇಕು ಎನ್ನುವ ಹೊತ್ತಿಗೆ ಮನೆಯಲ್ಲೊಂದು ಪಂಚಾಯಿತಿ ಸೇರುತ್ತದೆ. ಅಪ್ಪ, ಅಮ್ಮ, ಫೋನಿನ ಆ ತುದಿಯಲ್ಲಿ ಬೆಂಗಳೂರಿನ ಚಿಕ್ಕಪ್ಪ, ಪಕ್ಕದ ಮನೆಯ ಎಂಜಿನಿಯರ್ ಹುಡುಗ, ಅರ್ಜಿ ತುಂಬಿಕೊಡುವ ಸೈಬರ್ ಸೆಂಟರಿನವನು. ಎಂಜಿನಿಯರಿಂಗ್, ಬಿ.ಎಸ್ಸಿ. ಅಗ್ರಿ, ವೆಟರ್ನರಿ, ಫಾರ್ಮಸಿ ಎಂದು ಪಟ್ಟಿ ಇಳಿಯುತ್ತಾ ಬಂದು ‘ಬಿ.ಎಸ್ಸಿ. (ಆನರ್ಸ್) ಕಮ್ಯುನಿಟಿ ಸೈನ್ಸ್’ ಎಂಬ ಸಾಲಿಗೆ ಮುಟ್ಟುತ್ತದೆ. ಇದೇನು ಎಂದು ಒಬ್ಬರು ಕೇಳುತ್ತಾರೆ. ಅದೇ, ಮೊದಲಿನ ಹೋಮ್ ಸೈನ್ಸ್ ಎಂದು ಇನ್ನೊಬ್ಬರು ಹೇಳುತ್ತಾರೆ. ‘ಅಯ್ಯ, ಅಡಗಿ ಮಾಡ್ಲಿಕ್ಕೆ ಡಿಗ್ರಿ ಯಾಕ ಬೇಕ್ರೀ?’ ಎಂಬ ಮಾತಿಗೆ ಎಲ್ಲರೂ ನಗುತ್ತಾರೆ, ಕರ್ಸರ್ ಮುಂದಿನ ಸಾಲಿಗೆ ಹೋಗುತ್ತದೆ.

ಆ ಸಾಲಿನ ಮೇಲೆ ಇನ್ನು ಹತ್ತು ನಿಮಿಷ ನಿಲ್ಲಿ ಎಂದು ಕೇಳಿಕೊಳ್ಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಮಕ್ಕಳನ್ನು ಕಾಲೇಜಿಗೆ ಸೇರಿಸುವ ಪೋಷಕರು, ಸೇರಲಿರುವ ಹುಡುಗ ಹುಡುಗಿಯರು, ಅವರಿಗೆ ದಾರಿ ಹೇಳುವ ಪಿಯು ಉಪನ್ಯಾಸಕರು, ಇವರು ನನ್ನ ಮೊದಲ ಓದುಗರು. ಆಪ್ಷನ್ ಎಂಟ್ರಿಗೂ ತಮಗೂ ಸಂಬಂಧವಿಲ್ಲ ಎಂದುಕೊಂಡಿರುವ ಉಳಿದವರಿಗೂ ಒಂದು ಕೋರಿಕೆಯಿದೆ; ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ನಗುವಿನ ವಿಚಾರ. ಅದು ಸುಮ್ಮನೆ ಹುಟ್ಟಿದ್ದಲ್ಲ. ಒಂದು ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಹುಡುಗಿಯನ್ನು ಹೋಮ್ ಸೈನ್ಸಿಗೆ ಸೇರಿಸಿದ್ದು ಗಂಡು ಸಿಗುವವರೆಗೆ ಹೊತ್ತು ಕಳೆಯಲಿ ಎಂದೇ. ಬಯೋಡೇಟಾದಲ್ಲಿ ‘ಬಿ.ಎಸ್ಸಿ. ಹೋಮ್ ಸೈನ್ಸ್’ ಎಂದಿದ್ದರೆ ಹುಡುಗಿ ಮನೆವಾರ್ತೆಗೆ ತಯಾರಾಗಿದ್ದಾಳೆ ಎಂದು ಬೀಗರು ಓದಿಕೊಳ್ಳುತ್ತಿದ್ದರು. ಓದಿದ್ದನ್ನು ಹೊಸ್ತಿಲ ಆಚೆ ಬಳಸಲು ಬಿಡದೆ ಆ ಓದಿನಿಂದ ಏನೂ ಆಗಲಿಲ್ಲ ಎಂದವರೂ ಅವರೇ. ಹೆಣ್ಣುಮಕ್ಕಳನ್ನು ಒಲೆಯ ಮುಂದೆಯೇ ಕೂರಿಸುವ ವಿದ್ಯೆ ಇದು ಎಂದು ಸ್ತ್ರೀವಾದಿಗಳು ಆಕ್ಷೇಪಿಸಿದ್ದರೆ ಅದರಲ್ಲಿ ಸುಳ್ಳಿಲ್ಲ. ಆದರೆ ಆ ದೋಷ ಪಠ್ಯಕ್ಕಿಂತ ಹೆಚ್ಚಾಗಿ ಅದನ್ನು ಬಳಸಿಕೊಂಡವರದು ಎಂದೇ ನನ್ನ ಅಭಿಪ್ರಾಯ. ಏಕೆಂದರೆ ಈ ವಿಷಯವನ್ನು ಕಟ್ಟಿದವರು ಒಲೆಯ ಮುಂದೆ ಕುಳಿತವರೇ ಅಲ್ಲ. ಅಮೆರಿಕದಲ್ಲಿ ಇದಕ್ಕೆ ಅಡಿಪಾಯ ಹಾಕಿದ ಎಲೆನ್ ಸ್ವಾಲೋ ರಿಚರ್ಡ್ಸ್ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಮೊದಲ ವಿದ್ಯಾರ್ಥಿನಿ, ಕುಡಿಯುವ ನೀರಿನ ಪರೀಕ್ಷೆಯಲ್ಲಿ ಹೆಸರು ಮಾಡಿದ ರಸಾಯನ ವಿಜ್ಞಾನಿ. ಮನೆಗೆ ಬರುವ ನೀರು, ಹಾಲು, ಹಿಟ್ಟುಗಳಲ್ಲಿ ಏನು ಬೆರೆತಿದೆ ಎಂಬುದನ್ನು ಮನೆ ನಡೆಸುವವರು ತಿಳಿದಿರಬೇಕು ಎಂಬುದು ಆಕೆಯ ಹಟ. ನಮ್ಮಲ್ಲಿ ದೆಹಲಿಯ ಲೇಡಿ ಇರ್ವಿನ್ ಕಾಲೇಜು 1932ರಲ್ಲೇ ಶುರುವಾಯಿತು. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಗೃಹವಿಜ್ಞಾನಕ್ಕೆಂದೇ ಒಂದು ಫ್ಯಾಕಲ್ಟಿ ಕಟ್ಟಿದವರು ಕುಲಪತಿಯಾಗಿದ್ದ ಹಂಸಾ ಮೆಹ್ತಾ, ಸಂವಿಧಾನ ಸಭೆಯ ಸದಸ್ಯೆ. ಧಾರವಾಡದ ಗ್ರಾಮೀಣ ಗೃಹವಿಜ್ಞಾನ ಕಾಲೇಜು 1974ರದು. ಕೃಷಿ ಶಿಕ್ಷಣದ ಜೊತೆಯಲ್ಲೇ, ಹಳ್ಳಿಯ ಮನೆಗಳ ಕಡೆ ಮುಖ ಮಾಡಿ ಹುಟ್ಟಿದ್ದು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಈ ಪದವಿಯ ಹೆಸರನ್ನು ಕಮ್ಯುನಿಟಿ ಸೈನ್ಸ್ ಎಂದು ಬದಲಿಸಿದ ಮೇಲೆ ಕೃಷಿ ವಿಶ್ವವಿದ್ಯಾಲಯಗಳ ಕೈಪಿಡಿಯಲ್ಲಿ ‘ಹೋಮ್ ಸೈನ್ಸ್’ ಎಂದು ಹುಡುಕಿದರೆ ಸಿಗುವುದಿಲ್ಲ. ಇದು ಗೊತ್ತಿಲ್ಲದೆ ಕೋರ್ಸೇ ನಿಂತುಹೋಗಿದೆ ಎಂದುಕೊಂಡವರಿದ್ದಾರೆ.

ಹಾಗಾದರೆ ಅಲ್ಲಿ ಕಲಿಸುವುದೇನು? ಆಹಾರ ವಿಜ್ಞಾನ ಮತ್ತು ಪೋಷಣೆ, ಮಾನವ ವಿಕಾಸ, ಜವಳಿ ಮತ್ತು ಉಡುಪು ವಿನ್ಯಾಸ, ಕುಟುಂಬ ಸಂಪನ್ಮೂಲ ನಿರ್ವಹಣೆ, ವಿಸ್ತರಣೆ ಮತ್ತು ಸಂವಹನ ಎಂದು ಐದು ವಿಭಾಗಗಳನ್ನು ಹೇಳಿಬಿಡಬಹುದು. ಹಾಗೆ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅದಕ್ಕೇ ಒಂದು ಬಟ್ಟಲು ರಾಗಿ ಸರಿಯಿಂದ ಶುರು ಮಾಡುತ್ತೇನೆ.

ಹಳೆ ಮೈಸೂರಿನ ಕಡೆ ಆರು ತಿಂಗಳು ತುಂಬಿದ ಕೂಸಿಗೆ ಎದೆಹಾಲಿನ ಜೊತೆಗೆ ಮೊದಲು ಕೊಡುವುದು ರಾಗಿ ಸರಿಯನ್ನು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿ ಹಿಟ್ಟು ತೆಗೆಯುತ್ತಾರೆ. ಮೊಳಕೆ ಬರಿಸುವ ಕೆಲಸ ಏಕೆ? ಹಾಗೇ ಬೀಸಿದರೆ ಆಗದೆ? ಆಗುತ್ತದೆ, ಆದರೆ ಆ ಹಿಟ್ಟನ್ನು ಕುದಿಸಿದರೆ ಗಂಜಿ ಬೇಗ ಗಟ್ಟಿಯಾಗುತ್ತದೆ. ಮಗು ನುಂಗಲಾರದು ಎಂದು ತಾಯಿ ನೀರು ಬೆರೆಸಿ ತೆಳ್ಳಗೆ ಮಾಡುತ್ತಾಳೆ. ಪುಟ್ಟ ಹೊಟ್ಟೆಯಲ್ಲಿ ಹಿಡಿಯುವುದೇ ಒಂದು ಲೋಟದಷ್ಟು. ಅದರಲ್ಲಿ ಹೆಚ್ಚು ಪಾಲು ನೀರೇ ತುಂಬಿಕೊಂಡರೆ ಮಗು ಉಂಡ ಹಾಗೆ ಕಾಣುತ್ತದೆ, ತೂಕ ಮಾತ್ರ ಏರುವುದಿಲ್ಲ. ಕಾಳು ಮೊಳೆಯುವಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಆಗ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೆ ಉಳಿಯುತ್ತದೆ. ಚಮಚ ಅದೇ, ಶಕ್ತಿ ಹೆಚ್ಚು. ಜೊತೆಗೆ ಕಬ್ಬಿಣ, ಸತುಗಳು ಮೈಗೆ ಸೇರದಂತೆ ಹಿಡಿದಿಟ್ಟುಕೊಳ್ಳುವ ಫೈಟೇಟ್ ಅಂಶವೂ ಇಳಿಯುತ್ತದೆ. ಘಮ ಬರಲಿ ಎಂದು ಜೋರಾಗಿ ಹುರಿದುಬಿಟ್ಟರೆ ಕಿಣ್ವ ಸತ್ತು, ಪಟ್ಟ ಶ್ರಮದ ಅರ್ಧ ಲಾಭ ಹೋಯಿತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ, ಅಂದರೆ ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುವ ಸಂಸ್ಥೆಯಲ್ಲಿ, ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದ ಆರಂಭದಲ್ಲಿ ಮೊಳಕೆ ರಾಗಿ, ಹೆಸರುಕಾಳಿನ ಶಿಶು ಆಹಾರದ ಮೇಲೆ ಇದನ್ನೇ ಅಳೆದು ತೋರಿಸಿದರು.

ಇದು ಗೃಹವಿಜ್ಞಾನದ ಒಂದು ದಿನದ ಪಾಠ. ಇದರಲ್ಲಿ ಜೀವರಸಾಯನ ಇದೆ, ಶಿಶುವಿನ ಶರೀರಶಾಸ್ತ್ರ ಇದೆ, ತಾಯಿಯ ಕೆಲಸದ ಹೊರೆಯ ಲೆಕ್ಕವೂ ಇದೆ. ದಿನಗೂಲಿಗೆ ಹೋಗುವ ತಾಯಿಗೆ ಮೂರು ದಿನ ಮೊಳಕೆ ಕಟ್ಟುವ ಪುರುಸೊತ್ತು ಎಲ್ಲಿದೆ ಎಂಬ ಪ್ರಶ್ನೆಯನ್ನು ಅಲ್ಲಿ ಕೇಳದೆ ಬಿಡುವುದಿಲ್ಲ. ಅಜ್ಜಿಯರಿಗೆ ಇದೆಲ್ಲ ಗೊತ್ತಿತ್ತು ಎಂದು ಮಾತು ಮುಗಿಸುವವರಿಗೆ ಒಂದು ಜ್ಞಾಪಕ: ಹೆರಿಗೆಯಾದ ಕೂಡಲೇ ಬರುವ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸಿದವರೂ, ಬಸುರಿ ಹೆಚ್ಚು ಉಂಡರೆ ಕೂಸು ದೊಡ್ಡದಾಗಿ ಹೆರಿಗೆ ಕಷ್ಟ ಎಂದು ಅನ್ನ ತಗ್ಗಿಸಿದವರೂ, ಹಸುಗೂಸಿನ ನಾಲಿಗೆಗೆ ಜೇನು ನೆಕ್ಕಿಸಿದವರೂ ಅದೇ ಅಜ್ಜಿಯರು. ಅವರು ಮಾಡಿದ್ದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಿಸಬೇಕು, ಮನೆಯವರ ಮನಸ್ಸು ನೋಯದಂತೆ ಹೇಗೆ ಬಿಡಿಸಬೇಕು ಎಂದು ತಿಳಿದವರು ಊರಿಗೊಬ್ಬರಾದರೂ ಬೇಡವೆ?

ಬೇಕು ಎಂಬುದಕ್ಕೆ ಸರ್ಕಾರದ ಅಂಕಿಗಳೇ ಸಾಕ್ಷಿ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಶೇ. 32.9ರಷ್ಟು ಮಕ್ಕಳ ತೂಕ ಕಡಿಮೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ. 65.5, 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಐ.ಟಿ. ರಫ್ತಿನಲ್ಲಿ ಮುಂದಿರುವ ನಮ್ಮ ರಾಜ್ಯದಲ್ಲಿ ಪ್ರತಿ ಮೂರು ಮಕ್ಕಳಲ್ಲಿ ಒಂದು ಕುಳ್ಳಾಗಿ ಉಳಿದಿದೆ. ಇನ್ನೊಂದು ತುದಿಗೆ ಹೋದರೆ ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ರಕ್ತ ಸಾಲದ ಸೊಸೆ ಮತ್ತು ಸಕ್ಕರೆ ಹೆಚ್ಚಾದ ಮಾವ ಒಂದೇ ಪಾತ್ರೆಯ ಅನ್ನ ಉಣ್ಣುತ್ತಾರೆ. ಆ ಪಾತ್ರೆಯಲ್ಲಿ ಏನಿರಬೇಕು ಎಂದು ಕುಳಿತು ಹೇಳುವವರು ಯಾರು? ವೈದ್ಯರಿಗೆ ಒಬ್ಬ ರೋಗಿಗೆ ನಾಲ್ಕು ನಿಮಿಷ ಸಿಕ್ಕರೆ ಹೆಚ್ಚು. ‘ಸಿಹಿ ಕಡಿಮೆ ಮಾಡಿ, ಸೊಪ್ಪು ತಿನ್ನಿ’ ಎಂದು ಚೀಟಿ ಕೊಟ್ಟು ಕಳಿಸುತ್ತಾರೆ. ಕಬ್ಬಿಣದ ಮಾತ್ರೆ ನುಂಗಿದ ಹೆಂಗಸು ಮಲ ಕಪ್ಪಾಯಿತೆಂದು ಹೆದರಿ ಮಾತ್ರೆಯನ್ನು ತಿಪ್ಪೆಗೆ ಎಸೆಯುತ್ತಾಳೆ. ಅದು ಮಾತ್ರೆಯ ಸಹಜ ಪರಿಣಾಮ ಎಂದು ಮೊದಲೇ ಹೇಳಿದ್ದರೆ ಎಸೆಯುತ್ತಿರಲಿಲ್ಲ. ಊಟದ ಬೆನ್ನಿಗೇ ಚಹಾ ಕುಡಿದರೆ ಸೊಪ್ಪಿನ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ಒಂದು ಹೋಳು ನಿಂಬೆ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ. ಇಂಥ ಮಾತಿಗೆ ಖರ್ಚಿಲ್ಲ, ಹೇಳುವವರು ಬೇಕು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಓದಿದರೆ ಕೆಲಸ ಸಿಗುತ್ತದೆಯೆ?

ನಿಜ ಹೇಳಬೇಕೆಂದರೆ ಎಂಜಿನಿಯರಿಂಗ್ ಕಾಲೇಜಿನ ಹಾಗೆ ಕ್ಯಾಂಪಸ್ಸಿಗೆ ಬಂದು ಎತ್ತಿಕೊಂಡು ಹೋಗುವ ಕಂಪನಿಗಳ ಸಾಲು ಇಲ್ಲಿ ಇರುವುದಿಲ್ಲ. ದಾರಿಗಳು ಹಲವು, ಒಂದೊಂದರ ಉದ್ದ ಬೇರೆ ಬೇರೆ. ಆಸ್ಪತ್ರೆಯ ಡಯಟೀಷಿಯನ್ ಆಗಬೇಕೆಂದರೆ ಪದವಿಯೊಂದೇ ಸಾಲದು. ಪೋಷಣೆ ಅಥವಾ ಪಥ್ಯಾಹಾರ ವಿಷಯದಲ್ಲಿ ಸ್ನಾತಕೋತ್ತರ ಓದಿ, ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ, ಸಾಧ್ಯವಾದರೆ ಭಾರತೀಯ ಡಯಟೆಟಿಕ್ ಅಸೋಸಿಯೇಷನ್ ನಡೆಸುವ ರಿಜಿಸ್ಟರ್ಡ್ ಡಯಟೀಷಿಯನ್ ಪರೀಕ್ಷೆ ಬರೆಯಬೇಕು. ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಕೇಳಿದರೆ ಮನಸ್ಸು ಇಳಿಯಬಹುದು. ಮೂತ್ರಪಿಂಡದ ರೋಗಿಗಳು, ಕ್ಯಾನ್ಸರ್ ರೋಗಿಗಳು, ಐಸಿಯುನಲ್ಲಿ ನಳಿಕೆಯ ಮೂಲಕ ಆಹಾರ ಪಡೆಯುವವರು, ಹೀಗೆ ಒಂದು ಕ್ಷೇತ್ರದಲ್ಲಿ ಪಳಗಿದವರ ಸ್ಥಿತಿ ಬೇರೆ. 2021ರಲ್ಲಿ ಸಂಸತ್ತು ಒಪ್ಪಿದ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆ ಪೋಷಣಾ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಅಂದರೆ ಇನ್ನು ಮುಂದೆ ಮೂರು ವಾರದ ಆನ್‌ಲೈನ್ ಸರ್ಟಿಫಿಕೇಟ್ ಹಿಡಿದು ‘ನ್ಯೂಟ್ರಿಷನ್ ಕೋಚ್’ ಎಂದು ಬೋರ್ಡು ಹಾಕಿಕೊಂಡವರಿಗೂ ಐದಾರು ವರ್ಷ ಓದಿದವರಿಗೂ ನಡುವೆ ಕಾನೂನಿನ ಗೆರೆ ಬೀಳಲಿದೆ. ಅಂಥ ಸರ್ಟಿಫಿಕೇಟುಗಳಿಗೆ ದುಡ್ಡು ಸುರಿಯಬೇಡಿ ಎಂದು ಇಲ್ಲೇ ಹೇಳಿಬಿಡುತ್ತೇನೆ.

ಜಿಲ್ಲಾಸ್ಪತ್ರೆಯ ಪೌಷ್ಟಿಕ ಪುನಶ್ಚೇತನ ಕೇಂದ್ರವನ್ನು ನೀವು ನೋಡಿಲ್ಲದಿದ್ದರೆ ಒಮ್ಮೆ ಹೊರಗಿನಿಂದಾದರೂ ನೋಡಿ ಬನ್ನಿ. ತೀವ್ರ ಅಪೌಷ್ಟಿಕತೆಯ ಮಗುವನ್ನು ಅಲ್ಲಿ ತಾಯಿಯ ಜೊತೆಗೆ ಎರಡು ವಾರದಷ್ಟು ಕಾಲ ಇಟ್ಟುಕೊಳ್ಳುತ್ತಾರೆ. ಒಣಗಿ ಬಂದ ಮಗುವಿಗೆ ಮೊದಲ ದಿನವೇ ಹೊಟ್ಟೆತುಂಬ ಊಡಿಸಿದರೆ ಅದರ ಹೃದಯ, ಯಕೃತ್ತುಗಳು ಆ ಭಾರ ತಾಳುವುದಿಲ್ಲ, ಜೀವಕ್ಕೇ ಅಪಾಯ. ಅದಕ್ಕೆ 100 ಮಿಲಿಲೀಟರಿನಲ್ಲಿ 75 ಕಿಲೊಕ್ಯಾಲರಿ ಇರುವ ಹಾಲಿನ ಮಿಶ್ರಣದಿಂದ ಆರಂಭಿಸಿ, ಮಗು ಚೇತರಿಸಿಕೊಂಡಂತೆ 100 ಕಿಲೊಕ್ಯಾಲರಿಯದಕ್ಕೆ ಏರಿಸುತ್ತಾರೆ. ತೂಕ ನೋಡಿ, ಲೆಕ್ಕ ಹಾಕಿ, ಎರಡು ಮೂರು ಗಂಟೆಗೊಮ್ಮೆ ಅಳೆದು ಕೊಡಬೇಕು. ಮಗು ಮನೆಗೆ ಹೊರಡುವ ಮುಂಚೆ ತಾಯಿಗೆ ಅದೇ ಊರಿನ ರಾಗಿ, ಕಡಲೆ, ಬೆಲ್ಲ, ಮೊಟ್ಟೆಗಳಲ್ಲಿ ಇದನ್ನು ಮುಂದುವರಿಸುವುದು ಹೇಗೆಂದು ಕೈಹಿಡಿದು ಕಲಿಸಬೇಕು. ಅಡುಗೆಗೆ ಡಿಗ್ರಿ ಏಕೆ ಎಂದವರಿಗೆ ಆ ವಾರ್ಡಿನಲ್ಲಿ ಉತ್ತರವಿದೆ.

ಅಂಗನವಾಡಿಯ ಬಗ್ಗೆ ಕರ್ನಾಟಕದವರಿಗೆ ಹೊಸದಾಗಿ ಹೇಳಬೇಕಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ನಮ್ಮ ತಿ. ನರಸೀಪುರವೂ ಇತ್ತು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. 2017ರಿಂದ ಬಸುರಿ, ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಬಿಸಿಯೂಟ ಅಲ್ಲಿಯೇ ಬೇಯುತ್ತದೆ. ಇವನ್ನು ನೋಡಿಕೊಳ್ಳುವ ಮೇಲ್ವಿಚಾರಕಿಯರ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹುದ್ದೆಗಳಿಗೆ ಅರ್ಜಿ ಕರೆದಾಗ ಅಧಿಸೂಚನೆಯ ವಿದ್ಯಾರ್ಹತೆಯ ಭಾಗವನ್ನು ಗೃಹವಿಜ್ಞಾನದವರು ಸಾಲು ಸಾಲು ಓದಬೇಕು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಈ ವಿಷಯಕ್ಕೆಂದೇ ವಿಷಯ ತಜ್ಞರ ಹುದ್ದೆ ಇರುತ್ತದೆ, ಸ್ನಾತಕೋತ್ತರ ಬೇಕು. ಕೈತೋಟ, ಸಿರಿಧಾನ್ಯದ ಮೌಲ್ಯವರ್ಧನೆ, ಹೆಂಗಸರ ಬೆನ್ನು ಮುರಿಯುವ ಹೊಲದ ಕೆಲಸ ಹಗುರ ಮಾಡುವ ಸಲಕರಣೆಗಳು ಅವರ ಕೈಲಿರುವ ಕೆಲಸ. ಪಾಠ ಹೇಳುವ ಒಲವಿದ್ದರೆ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಗೃಹವಿಜ್ಞಾನ ಒಂದು ವಿಷಯ. ಮಾನವ ವಿಕಾಸ ಓದಿದವರು ಪುಟ್ಟ ಮಕ್ಕಳ ಶಾಲೆ, ವಿಶೇಷ ಮಕ್ಕಳ ಕೇಂದ್ರ, ವೃದ್ಧರ ಆರೈಕೆ ಎಂದು ಹೋಗಬಹುದು. ರಾಷ್ಟ್ರೀಯ ಶಿಕ್ಷಣ ನೀತಿ ಮೂರನೆಯ ವಯಸ್ಸಿನಿಂದಲೇ ಕಲಿಕೆಯನ್ನು ಲೆಕ್ಕ ಹಿಡಿದ ಮೇಲೆ, ಮೂರು ವರ್ಷದ ಮಗುವಿಗೆ ಅ ಆ ಇ ಈ ತಿದ್ದಿಸುವುದೇ ಶಿಕ್ಷಣವಲ್ಲ ಎಂದು ತಿಳಿದವರು ಬೇಕೇ ಬೇಕು. ಇದು ತಿಳಿಯದ ಎಲ್‌ಕೆಜಿಗಳು ನಮ್ಮ ಬೀದಿ ಬೀದಿಯಲ್ಲಿವೆ.

ಜವಳಿಯ ಕಡೆಯದು ಒಂದೇ ಮಾತು: ಧಾರವಾಡ ಸೀಮೆಯ ಕಸೂತಿಯ ಗವಂತಿ, ಮುರ್ಗಿ, ನೇಯ್ಗೆ, ಮೆಂತ್ಯ ಹೊಲಿಗೆಗಳನ್ನೂ ಇಳಕಲ್ ಸೀರೆಯ ಟೋಪಿತೆನಿ ಸೆರಗನ್ನೂ ಇಂದಿನ ಉಡುಪಿಗೆ ಹೊಂದಿಸಿ ಮಾರುಕಟ್ಟೆಗೆ ಒಯ್ಯುವವರಲ್ಲಿ ಈ ವಿಭಾಗದಿಂದ ಹೊರಬಂದವರೂ ಇರಬೇಕು. ಬಣ್ಣ ಏಕೆ ಬಿಡುತ್ತದೆ, ನೂಲು ಎಲ್ಲಿ ಹರಿಯುತ್ತದೆ ಎಂದು ಪ್ರಯೋಗಾಲಯದಲ್ಲಿ ನೋಡಿ ಬಂದವರಿಗೂ ಬರೀ ಚಿತ್ರ ಬರೆದುಕೊಡುವವರಿಗೂ ವ್ಯತ್ಯಾಸವಿದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಇರುವುದು ಇನ್ನೊಂದು ದಾರಿಯ ಮೇಲೆ. ಹುಬ್ಬಳ್ಳಿ, ಕಲಬುರಗಿ, ವಿಜಯಪುರದ ಓಣಿಗಳಲ್ಲಿ ಕಡಕ್ ರೊಟ್ಟಿ ಬಡಿದು ಮಾರುವ ಅಕ್ಕಂದಿರಿದ್ದಾರೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಹಪ್ಪಳ, ಸಂಡಿಗೆ, ಹೋಳಿಗೆ ಮಾಡುವ ಸ್ವಸಹಾಯ ಸಂಘಗಳಿವೆ. ರುಚಿಯಲ್ಲಿ ಅವರನ್ನು ಮೀರಿಸುವವರಿಲ್ಲ. ಎಡವುವುದು ಬೇರೆ ಕಡೆ. ಕಡಕ್ ರೊಟ್ಟಿಯಲ್ಲಿ ತೇವವೇ ಇಲ್ಲದ್ದರಿಂದ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನೇ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಳೆಗಾಲದಲ್ಲಿ ಮಂಗಳೂರಿಗೆ ಕಳಿಸಿದರೆ ಮೆತ್ತಗಾಗಿ ವಾಪಸು ಬರುತ್ತದೆ. ಶೇಂಗಾ ಚಟ್ನಿಯ ಎಣ್ಣೆ ಗಾಳಿ, ಬೆಳಕು ತಾಗಿ ಕಮಟುತ್ತದೆ; ಪಾರದರ್ಶಕ ಡಬ್ಬಿ ನೋಡಲು ಚೆಂದ, ಚಟ್ನಿಗೆ ವೈರಿ. ಕಾಳಿನಲ್ಲಿ ಬೂಷ್ಟಿದ್ದರೆ ಅಫ್ಲಟಾಕ್ಸಿನ್ ಎಂಬ ವಿಷ. ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ಪೊಟ್ಟಣದ ಮೇಲೆ ಎಷ್ಟು ದಿನ ಬಾಳುತ್ತದೆಂದು ಬರೆಯಬೇಕು, ಪೋಷಕಾಂಶದ ಪಟ್ಟಿ ಹಾಕಬೇಕು, ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಕಿರು ಆಹಾರ ಉದ್ಯಮಗಳಿಗೆಂದು 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಲ್ಲಿ ಶೇ. 35ರ ಸಹಾಯಧನಕ್ಕೆ ನಮ್ಮ ರಾಜ್ಯ ಇನ್ನೂ ಶೇ. 15 ಸೇರಿಸಿ ಅರ್ಧದಷ್ಟು ಕೊಡುತ್ತದೆ, 15 ಲಕ್ಷ ರೂಪಾಯಿಯ ಮಿತಿಯವರೆಗೆ. ದುಡ್ಡಿದೆ, ಕೈಗುಣವಿದೆ. ಇವೆರಡನ್ನು ಜೋಡಿಸಿ, ಯೋಜನಾ ವರದಿ ಬರೆದು, ಪೊಟ್ಟಣ ಆರಿಸಿ, ಬ್ಯಾಂಕಿನವರ ಎದುರು ಕುಳಿತು ಮಾತಾಡುವವರ ಕೊರತೆ. ಆಹಾರ ವಿಜ್ಞಾನ, ಸಂಪನ್ಮೂಲ ನಿರ್ವಹಣೆ, ವಿಸ್ತರಣೆ ಮೂರನ್ನೂ ಒಂದೇ ಪದವಿಯಲ್ಲಿ ಓದಿದವರು ಇವರಲ್ಲದೆ ಇನ್ಯಾರು? ತಾಲ್ಲೂಕಿಗೊಬ್ಬ ಗೃಹವಿಜ್ಞಾನದ ಪದವೀಧರೆ ಸ್ವಂತ ಸಲಹಾ ಕಚೇರಿ ತೆರೆದರೆ ಆಕೆಗೂ ಬದುಕು, ಸಂಘಗಳಿಗೂ ದಾರಿ. ಇದನ್ನು ಮಾಡಿ ನೋಡುವ ಧೈರ್ಯವುಳ್ಳವರು ಮುಂದೆ ಬರಲಿ.

ಹುಡುಗರ ಮಾತು ಎತ್ತದೆ ಬಿಟ್ಟರೆ ಮನವಿ ಅರ್ಧವಾಗುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಹೇಳುವಂತೆ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. 2021ರ ಜನವರಿಯಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದೇ ಅಂಕಿಗಳನ್ನು ಮುಂದಿಟ್ಟು, ಗೃಹಿಣಿಯ ದುಡಿಮೆಗೆ ಆದಾಯದ ಬೆಲೆ ಕಟ್ಟುವುದು ಆಕೆಯ ಶ್ರಮಕ್ಕೆ ಕೊಡುವ ಮನ್ನಣೆ ಎಂಬ ನಿಲುವು ತಳೆಯಿತು. ಕೋರ್ಟು ಕಟ್ಟಿದ ಬೆಲೆಯನ್ನು ಮನೆಯ ಗಂಡಸರು ಕಟ್ಟಿದ್ದಾರೆಯೆ? ಮನೆ ನಡೆಸುವುದೂ ಕಲಿಯಬೇಕಾದ ವಿದ್ಯೆ ಎಂದು ಒಪ್ಪಿದ ಮೇಲೆ ಅದನ್ನು ಹೆಣ್ಣುಮಕ್ಕಳಿಗಷ್ಟೇ ಕಲಿಸುವುದರಲ್ಲಿ ಅರ್ಥವಿಲ್ಲ. ಹೋಟೆಲಿನ ಅಡುಗೆಮನೆಯಲ್ಲಿ ಗಂಡಸು ನಿಂತರೆ ಶೆಫ್, ಮದುವೆ ಮನೆಯಲ್ಲಿ ನಿಂತರೆ ಭಟ್ಟರು. ಅಡುಗೆಯ ವಿಜ್ಞಾನ ಓದಿದರೆ ಮಾತ್ರ ಮರ್ಯಾದೆ ಹೋಗುತ್ತದೆಯೆ? ಮೈಸೂರು ವಿಶ್ವವಿದ್ಯಾಲಯದ ಆಹಾರ ವಿಜ್ಞಾನ ಮತ್ತು ಪೋಷಣೆಯ ಸ್ನಾತಕೋತ್ತರ ವಿಭಾಗ ಸಹಶಿಕ್ಷಣದ್ದು. ಬೆಳೆಯುವ ಮಕ್ಕಳಿಗೆ ಏನು ಉಣಬಡಿಸಬೇಕೆಂದು ತಿಳಿದ ಹಾಸ್ಟೆಲ್ ವಾರ್ಡನ್, ಉಪ್ಪಿನ ಅಳತೆ ಬಲ್ಲ ಕ್ಯಾಂಟೀನ್ ಮ್ಯಾನೇಜರ್ ಗಂಡಸಾದರೆ ಯಾರಿಗೇನು ನಷ್ಟ?

ಈಗ ಉಳಿದವರ ಪಾಲಿನ ಕೋರಿಕೆ. ಗೃಹವಿಜ್ಞಾನ ಓದಿದವರಿಗೆ ಕೆಲಸವಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಮೇಲೆ ಹೇಳಿದ್ದೆಲ್ಲ ಕೆಲಸವೇ, ರಾಶಿ ಬಿದ್ದಿದೆ. ಕೊರತೆ ಇರುವುದು ಹುದ್ದೆಗಳದು. ತಾಲ್ಲೂಕು ಆಸ್ಪತ್ರೆಯಲ್ಲಿ ಎಕ್ಸ್‌ರೇ ಯಂತ್ರ ಕೆಟ್ಟರೆ ಧರಣಿ ಕೂರುವ ನಾವು, ಅಲ್ಲಿ ಒಬ್ಬ ಡಯಟೀಷಿಯನ್ ಇಲ್ಲದಿರುವುದನ್ನು ಗಮನಿಸಿಯೇ ಇಲ್ಲ. ಕೇಳದೆ ಇದ್ದದ್ದನ್ನು ಸರ್ಕಾರ ತಾನಾಗಿ ಕೊಟ್ಟ ಉದಾಹರಣೆ ಕಡಿಮೆ. ಆದ್ದರಿಂದ ಕೇಳಿ. ನಿಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಯಲ್ಲಿ ಕೇಳಿ. ಹಳ್ಳಿಯ ಮಟ್ಟದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರುತ್ತದೆ. ಅದರ ಹೆಸರಿನ ಕೊನೆಯ ಭಾಗಕ್ಕೆ ಈ ವರ್ಷ ಏನು ಮಾಡಿದಿರಿ ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಶಾಲೆಯ ಎಸ್‌ಡಿಎಂಸಿಯಲ್ಲಿದ್ದರೆ ಬಿಸಿಯೂಟದ ಅಕ್ಕಿ ಬೇಳೆಯ ಲೆಕ್ಕದ ಜೊತೆಗೆ ಮಕ್ಕಳ ಎತ್ತರ ತೂಕದ ಪುಸ್ತಕವನ್ನೂ ತೆಗೆಸಿ ನೋಡಿ. ಹಾಸ್ಟೆಲ್ ನಡೆಸುವ ಮಠ, ಟ್ರಸ್ಟುಗಳವರು ನೂರಾರು ಮಕ್ಕಳಿಗೆ ದಾಸೋಹ ನಡೆಸುತ್ತೀರಿ; ನಿಮ್ಮ ಪುಣ್ಯದ ಕೆಲಸಕ್ಕೆ ಕೈಮುಗಿಯುತ್ತೇನೆ, ಜೊತೆಗೆ ಪೋಷಣೆ ಓದಿದ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ ಎಂದೂ ಬೇಡುತ್ತೇನೆ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಉಂಡು ಬೆಳೆಯುವ ಹುಡುಗ ತರಗತಿಯಲ್ಲಿ ತೂಕಡಿಸಿದರೆ ಅದನ್ನು ಸೋಮಾರಿತನ ಎನ್ನಲಾಗದು.

ಸರ್ಕಾರಕ್ಕೆ ಹೇಳುವುದು ಇಷ್ಟು. ಪೌಷ್ಟಿಕತೆಯ ಯೋಜನೆಗಳಿಗೆ ಹಾಲು, ಮೊಟ್ಟೆ, ಬೇಳೆ ಕೊಳ್ಳಲು ಹಣ ಇಡುತ್ತೀರಿ, ಒಳ್ಳೆಯದು. ಅದನ್ನು ತಿಳಿದು ಬಳಸುವ ಕೈಗಳಿಗೂ ಇಡಿ. ತಾಲ್ಲೂಕಿಗೊಂದು ಪೋಷಣಾ ತಜ್ಞರ ಕಾಯಂ ಹುದ್ದೆ, ಗುತ್ತಿಗೆಯದಲ್ಲ. ಪಿಯು ಹಂತದಲ್ಲಿ ಗೃಹವಿಜ್ಞಾನ ಈಗಲೂ ಐಚ್ಛಿಕ ವಿಷಯ. ಅದನ್ನು ಕಲಿಸುವ ಕಾಲೇಜುಗಳನ್ನು ದಾಖಲಾತಿ ಕಡಿಮೆ ಎಂಬ ನೆಪದಲ್ಲಿ ಕೈಬಿಡಬೇಡಿ. ಉಪನ್ಯಾಸಕರನ್ನು ತುಂಬದೆ, ಪ್ರಯೋಗಾಲಯಕ್ಕೆ ಗ್ಯಾಸ್ ಸಿಲಿಂಡರ್ ಕೊಡಿಸದೆ ಇದ್ದರೆ ಯಾವ ವಿಷಯಕ್ಕಾದರೂ ಮಕ್ಕಳು ಬರುವುದು ಹೇಗೆ?

ಸೇರಬೇಕೆಂದು ಮನಸ್ಸು ಮಾಡಿದವರಿಗೆ ಕೆಲವು ವ್ಯವಹಾರದ ಮಾತು. ಕೃಷಿ ವಿಶ್ವವಿದ್ಯಾಲಯದ ಕಮ್ಯುನಿಟಿ ಸೈನ್ಸ್ ನಾಲ್ಕು ವರ್ಷದ ಪದವಿ, ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ, ಪ್ರವೇಶ ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಕಾಯದೆ ಮೊದಲೇ ತಹಶೀಲ್ದಾರ್ ಕಚೇರಿಯಿಂದ ಮಾಡಿಸಿಟ್ಟುಕೊಳ್ಳಿ, ಕೊನೆ ಗಳಿಗೆಯಲ್ಲಿ ಸರ್ವರ್ ಕೈಕೊಡುತ್ತದೆ. ಬೆಂಗಳೂರಿನಲ್ಲಿ ಮಹಾರಾಣಿ ಕ್ಲಸ್ಟರ್ ವಿಶ್ವವಿದ್ಯಾಲಯಕ್ಕೆ ಸೇರಿದ ವಿ.ಎಚ್.ಡಿ. ಕೇಂದ್ರೀಯ ಗೃಹವಿಜ್ಞಾನ ಸಂಸ್ಥೆ ಸರ್ಕಾರದ್ದು, ಹೆಣ್ಣುಮಕ್ಕಳಿಗೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೂ ಆಹಾರ ಮತ್ತು ಪೋಷಣೆಯ ವಿಭಾಗವಿದೆ. ಮದುವೆಯಾಗಿ, ಮಕ್ಕಳಾಗಿ, ಈಗ ಓದಬೇಕು ಎನ್ನಿಸಿರುವ ಅಕ್ಕಂದಿರಿಗೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಆಹಾರ ಮತ್ತು ಪೋಷಣೆಯ ಸರ್ಟಿಫಿಕೇಟ್ ಕೋರ್ಸು ಒಂದು ಬಾಗಿಲು.

ಶುಲ್ಕ ಕಟ್ಟುವ ಮುಂಚೆ ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ, ಮಗಳನ್ನೋ ಮಗನನ್ನೋ ಜೊತೆಗೆ ಕರೆದುಕೊಂಡು. ಕಟ್ಟಡ ನೋಡಿ ಮರುಳಾಗಬೇಡಿ. ಆಹಾರ ಪ್ರಯೋಗಾಲಯ ಎಲ್ಲಿದೆ ಎಂದು ಕೇಳಿ, ಅದರಲ್ಲಿ ಪಾತ್ರೆಗಳ ಪಕ್ಕದಲ್ಲಿ ತೂಕದ ಯಂತ್ರ, ಪರೀಕ್ಷೆಯ ಸಲಕರಣೆ ಇವೆಯೇ ಎಂದು ನೋಡಿ. ಆವರಣದಲ್ಲಿ ಪುಟ್ಟ ಮಕ್ಕಳ ಶಾಲೆ ನಡೆಸುತ್ತಾರೆಯೇ ವಿಚಾರಿಸಿ. ಮಕ್ಕಳನ್ನು ನೋಡದೆ ಮಾನವ ವಿಕಾಸ ಓದಿದವರು ಅರ್ಧವೇ ಕಲಿಯುತ್ತಾರೆ. ಯಾವ ಆಸ್ಪತ್ರೆಗೆ, ಯಾವ ಹಳ್ಳಿಗೆ ತರಬೇತಿಗೆ ಕಳಿಸುತ್ತೀರಿ, ಎಷ್ಟು ದಿನ ಎಂದು ಕೇಳಿ. ಹೋದ ವರ್ಷ ಓದು ಮುಗಿಸಿದ ಇಬ್ಬರು ಮೂವರ ಫೋನ್ ನಂಬರ್ ಕೊಡಿ, ನಾವೇ ಮಾತಾಡುತ್ತೇವೆ ಎಂದು ಕೇಳಿ. ಕೊಡಲು ಹಿಂಜರಿದರೆ ಆ ಕಾಲೇಜು ಬೇಡ, ಬೇರೆಯದನ್ನು ಆಪ್ಷನ್ ಪಟ್ಟಿಯಲ್ಲಿ ಮೇಲಕ್ಕೆ ತನ್ನಿ.